ಹೊಳೆಯ ಸೀಮೆಯಲ್ಲಿ ಬಾಯಾರಿಕೆ

ಗಂಡಹೆಂಡಿರು ಜೊತೆಯಾಗಿ ಊರು ಬಿಡುವುದಕ್ಕೆ ನಮ್ಮ ಸೀಮೆಯಲ್ಲಿ ಮೂರು ಕಾರಣಗಳು ಮೊದಲಿನಿಂದ ನಡೆದುಬಂದಿವೆ: ಬೀಗರ ಮನೆಯ ಮದುವೆ, ದೇವರ ಜಾತ್ರೆ, ಬರಗಾಲದ ಗುಳೆ. ಈ ಮೂರರಲ್ಲಿ ಒಂದೂ ಇಲ್ಲದೆ, ಬರಿದೆ ನೋಡುವ ಸಂತೋಷಕ್ಕಾಗಿ ನಾಲ್ಕು ದಿನ ಹೊಳೆಯ ದಂಡೆಗುಂಟ ತಿರುಗಾಡಿ ಬರುತ್ತೇವೆಂದರೆ ಕೇಳಿದವರು ನಗುತ್ತಾರೆ. "ಇಲ್ಲೇನೈತ್ರಿ ನೋಡೂದು?" ಎಂಬುದು ಅವರ ಪ್ರಶ್ನೆ. ನೋಡತಕ್ಕದ್ದೆಲ್ಲ ಬೇರೆ ಎಲ್ಲಿಯೋ ಇದೆಯೆಂಬ ಈ ನಂಬಿಕೆಯನ್ನು ಕುರಿತು ಎರಡು ಮಾತು ಹೇಳಬೇಕೆಂದಿದ್ದೇನೆ. ಅದರ ಬೆನ್ನಿಗೇ ಇನ್ನೊಂದು ಮಾತೂ ಇದೆ. ಅದನ್ನು ಹೇಳಲು ಹೆಂಗಸರಿಗೆ ಸಂಕೋಚ, ಕೇಳಲು ಗಂಡಸರಿಗೆ ಪುರಸತ್ತಿಲ್ಲ.

ದಕ್ಷಿಣ ಚೀನದ ಗ್ವಿಲಿನ್ ನಗರದಿಂದ ಯಾಂಗ್‌ಶುವೊ ಎಂಬ ಊರಿನ ಕಡೆಗೆ ಲೀ ಎಂಬ ನದಿ ಹರಿಯುತ್ತದೆ. ಎರಡೂ ದಂಡೆಗೆ ಸುಣ್ಣಕಲ್ಲಿನ ಗುಡ್ಡಗಳು, ಗುಡ್ಡಗಳ ನಡುವೆ ಭತ್ತದ ಗದ್ದೆಗಳು, ನೀರಿನ ಮೇಲೆ ಬಿದಿರಿನ ತೆಪ್ಪಗಳು. ಇದನ್ನು ನೋಡಲು ಲೋಕದ ನಾನಾ ಕಡೆಯಿಂದ ದಂಪತಿಗಳು ಹೋಗುತ್ತಾರೆ. ಆ ಹೊಳೆಯ ಒಂದು ನೋಟವನ್ನು ಅಲ್ಲಿಯವರು ತಮ್ಮ 20 ಯುವಾನಿನ ನೋಟಿನ ಮೇಲೆ ಅಚ್ಚು ಹಾಕಿಕೊಂಡಿದ್ದಾರೆ. ಪರದೇಶದವರು ಬರುವ ಎಷ್ಟೋ ಶತಮಾನ ಮೊದಲೇ ಆ ನಾಡಿನ ಕವಿಗಳೂ ಚಿತ್ರಕಾರರೂ ಅದನ್ನು ಕಣ್ಣುತುಂಬ ನೋಡಿದ್ದರು. ತಮ್ಮ ಹೊಳೆಯನ್ನು ತಾವು ಮೊದಲು ನೋಡಿದವರ ಊರಿಗೆ ಆಮೇಲೆ ಬೇರೆಯವರು ಬಂದರು.

ನಮ್ಮ ವಿಜಯಪುರ ಜಿಲ್ಲೆಯೆಂದರೆ ಬರದ ಜಿಲ್ಲೆಯೆಂದೇ ಹೆಸರು. ಆದರೆ ನಕಾಶೆಯನ್ನು ಬಿಡಿಸಿ ನೋಡಿರಿ. ಬಡಗಣದಲ್ಲಿ ಇಂಡಿ, ಸಿಂದಗಿಗಳ ಅಂಚಿಗೆ ಭೀಮೆ. ತೆಂಕಣದಲ್ಲಿ ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಅಂಚಿಗೆ ಕೃಷ್ಣೆ. ನಡುವೆ ಎರೆಭೂಮಿಯನ್ನು ಸುತ್ತಿ ಸುತ್ತಿ ಹರಿದು ತಾಳಿಕೋಟಿಯ ಮಗ್ಗುಲಿಗೆ ಬರುವ ಡೋಣಿ. ಡೋಣಿಯ ನೀರು ಸವಳು. ಅದರ ದಂಡೆಯ ಮಣ್ಣೋ ಜೋಳದ ಕಣಜ. ಡೋಣಿಯ ಹೊಲ ಬೆಳೆದ ವರ್ಷ ಓಣಿ ಓಣಿಗೆ ಕಾಳೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಕಳೆದ ದೀಪಾವಳಿಯ ಸೂಟಿಯಲ್ಲಿ ನಾನೂ ನಮ್ಮವರೂ ಈ ಸೀಮೆಯನ್ನು ತಿರುಗಿದೆವು. ಇಬ್ಬರದೂ ಶಾಲೆಯ ಉದ್ಯೋಗ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ. ಸಾರಿಗೆ ಬಸ್ಸಿನ ಪ್ರಯಾಣ. ತೊಗರಿ ಹಳದಿ ಹೂವಿಗೆ ಬಂದಿತ್ತು. ಹಿಂಗಾರಿ ಜೋಳ ಗೇಣುದ್ದ ಎದ್ದಿತ್ತು. ಇಂಡಿಯ ನಿಂಬೆಯ ತೋಟಗಳನ್ನು ದಾಟಿ ಹಲಸಂಗಿಗೆ ಹೋದೆವು. ಮಧುರಚೆನ್ನರೂ ಅವರ ಗೆಳೆಯರೂ ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಬೀಸುಕಲ್ಲಿನ ಪದಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದ್ದು ಈ ಮಣ್ಣಿನಲ್ಲಿ. ಹಾಡಿದವರ ಹೆಸರು ಉಳಿಯಲಿಲ್ಲ, ಹಾಡು ಉಳಿಯಿತು. ಅಲ್ಲಿಂದ ಭೀಮೆಯ ದಂಡೆ. ನೆರೆ ಇಳಿದ ಹೊಳೆ, ಎತ್ತು ಮೀಯಿಸುವವರು, ಆಚೆಗೆ ಸೊಲ್ಲಾಪುರ ಜಿಲ್ಲೆಯ ಹೊಲಗಳು. ಇದಕ್ಕಿಂತ ಹೆಚ್ಚಿನ ನೋಟವನ್ನು ನಾನು ಬಯಸಲಾರೆ.

ಮೂರನೆಯ ದಿನ ಆಲಮಟ್ಟಿ. 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಣೆಕಟ್ಟಿಗೆ ಇಂದು 26 ಬಾಗಿಲುಗಳು, 519.6 ಮೀಟರು ಎತ್ತರದವರೆಗೆ ನೀರು ನಿಲ್ಲುತ್ತದೆ. ಉದ್ಯಾನದಲ್ಲಿ ನವದಂಪತಿಗಳ ಸಂದಣಿ, ಕಾರಂಜಿ, ಛಾಯಾಚಿತ್ರ. ಆ ನೀರಿನ ಕೆಳಗೆ ಎಷ್ಟೋ ಹಳ್ಳಿಗಳ ಹೊಲಮನೆಗಳಿವೆ, ಹಳೆಯ ಬಾಗಲಕೋಟೆಯ ಓಣಿಗಳಿವೆ ಎಂಬುದನ್ನು ಅರಿತು ನೋಡಿದವರಿಗೆ ಕಾರಂಜಿಯ ಸೊಗಸು ಕಡಿಮೆಯಾಗದು. ಹೊಳೆಯ ತೂಕ ಮಾತ್ರ ತಿಳಿಯುತ್ತದೆ.

ಇಷ್ಟು ನೋಟದ ಮಾತಾಯಿತು. ಇನ್ನು ಆ ಇನ್ನೊಂದು ಮಾತು. ಈ ನಾಲ್ಕೂ ದಿನ ನಮ್ಮವರು ಹೋದಲ್ಲೆಲ್ಲ ತಂಬಿಗೆ ತಂಬಿಗೆ ನೀರು ಕುಡಿದರು. ನಾನು ಬೆಳಿಗ್ಗೆ ಒಂದು ಲೋಟ ಕುಡಿದು, ಸಂಜೆ ಉಳಿದುಕೊಂಡ ಮನೆಗೆ ಬಂದ ಮೇಲೆ ಎರಡನೆಯದನ್ನು ಕುಡಿಯುತ್ತಿದ್ದೆ. "ಯಾಕ, ನೀರ ಕುಡೀವಲ್ಲಿ?" ಎಂದು ಅವರು ಕೇಳಿದರು. "ಮನೀಗೆ ಹೋಗಿ ಕುಡೀತೀನಿ ಬಿಡ್ರಿ" ಎಂದೆ. ಇದರ ಅರ್ಥವನ್ನು ಯಾವ ಹೆಣ್ಣುಮಗಳಿಗೂ ಬಿಡಿಸಿ ಹೇಳಬೇಕಾದ್ದಿಲ್ಲ. ಒಂದೂರಿನ ನಿಲ್ದಾಣದಲ್ಲಿ ಹೆಂಗಸರ ಶೌಚಾಲಯಕ್ಕೆ ಕೀಲಿ ಹಾಕಿತ್ತು. ಕೀಲಿಕೈ ಯಾರ ಬಳಿ ಇದೆಯೆಂದು ನಾಲ್ವರು ನಾಲ್ಕು ದಿಕ್ಕು ತೋರಿಸಿದರು. ಇನ್ನೊಂದೂರಿನಲ್ಲಿ ಬಾಗಿಲಿಗೆ ಅಗುಳಿಯಿಲ್ಲ, ಒಳಗೆ ನೀರಿಲ್ಲ. ಎರಡು ಹೊಳೆಗಳ ನಡುವಿನ ನಾಡಿನಲ್ಲಿ, ಕೈಯಲ್ಲಿ ತುಂಬಿದ ಬಾಟಲಿ ಹಿಡಿದುಕೊಂಡು, ಬಾಯಾರಿ ಕೂಡುವುದು ಎಂತಹ ಪ್ರವಾಸ!

ಈ ಭಾಗದ ಹೊಲಗಳೇ ನೀರಿಗಾಗಿ ದಶಕಗಟ್ಟಲೆ ಕಾದಿರುವಾಗ ಇದೊಂದು ದೊಡ್ಡ ವಿಷಯವೇ ಎಂದು ಕೆಲವರು ಕೇಳಬಹುದು. ಹೊಲದ ಬಾಯಾರಿಕೆ ದೊಡ್ಡದೆಂಬುದು ನಿರ್ವಿವಾದ. ಆದರೆ ಕಾಲುವೆ ತರಲು ಕೋಟಿಗಟ್ಟಲೆ ಹಣವೂ ನ್ಯಾಯಮಂಡಳಿಯ ತೀರ್ಪೂ ಬೇಕು. ಒಂದು ಬಾಗಿಲಿಗೆ ಅಗುಳಿ ಹಾಕಲು ಒಬ್ಬ ಬಡಿಗ ಸಾಕು. ಹೆಣ್ಣುಮಕ್ಕಳಿಗೆ ತೀರ್ಥಯಾತ್ರೆ ಇರುವಾಗ ಈ ನೋಡುವ ಹವ್ಯಾಸವೇಕೆಂದು ಇನ್ನು ಕೆಲವರು ಅನ್ನಬಹುದು. ನಮ್ಮ ಅಜ್ಜಿಯಂದಿರು ಪಂಢರಪುರಕ್ಕೂ ಶ್ರೀಶೈಲಕ್ಕೂ ನಡೆದುಹೋದರಲ್ಲವೆ? ಅವರು ದೇವರ ಹೆಸರಿನಲ್ಲಿ ಲೋಕವನ್ನೂ ನೋಡಿ ಬಂದರೆಂದು ನನ್ನ ಎಣಿಕೆ. ಮನೆ ಬಿಡಲು ಅವರಿಗೆ ಒಂದು ನೆಪ ಬೇಕಾಗಿತ್ತು. 2023ರ ಜೂನ್ 11ರಿಂದ ನಮ್ಮ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೀಟಿನ ಹಣವಿಲ್ಲ. ಬಸ್ಸುಗಳು ತುಂಬಿ ಹೋಗುತ್ತಿವೆ. ದಾರಿ ತೆರೆದದ್ದು ಒಳ್ಳೆಯದೇ. ದಾರಿಯಲ್ಲಿ ಇಳಿದವಳು ಎಲ್ಲಿಗೆ ಹೋಗಬೇಕೆಂಬುದನ್ನೂ ಯೋಚಿಸುವುದು ಬೇಡವೆ?

ಕೊನೆಯ ದಿನದ ನೋಟ ಈ ಮಾತಿಗೆ ಸಂಬಂಧಪಟ್ಟದ್ದು. ಕೃಷ್ಣಾ ಮಲಪ್ರಭೆಗಳು ಕೂಡುವ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳ ನಾರಾಯಣಪುರ ಆಣೆಕಟ್ಟಿನ ಹಿನ್ನೀರಿನಲ್ಲಿದೆ. ಸುತ್ತ ಗೋಡೆ ಕಟ್ಟಿ ಅದನ್ನು ಉಳಿಸಿಕೊಂಡಿದ್ದಾರೆ, ಮೆಟ್ಟಿಲಿಳಿದು ಹೋಗಬೇಕು. ಅಲ್ಲಿ ಜನವೋ ಜನ. ಹೊಳೆಯ ಈಚೆಗೆ, ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ, ಅವರ ಮಡದಿ ನೀಲಾಂಬಿಕೆಯವರ ಐಕ್ಯಸ್ಥಳವಿದೆ. ಹಡಪದ ಅಪ್ಪಣ್ಣನವರೊಡನೆ ಕಲ್ಯಾಣದಿಂದ ಬರುತ್ತಿದ್ದಾಗ ಪತಿಯ ಐಕ್ಯದ ಸುದ್ದಿ ತಿಳಿದು ಆಕೆ ಇಲ್ಲಿಯೇ ನಿಂತರೆಂದು ಪ್ರತೀತಿ. ನಾವು ಹೋದ ದಿನ ಅಲ್ಲಿ ಬೆರಳಲ್ಲಿ ಎಣಿಸುವಷ್ಟು ಮಂದಿ. ಆಚೆಯ ದಂಡೆಯನ್ನು ನೋಡಿದವರು ಈಚೆಯದನ್ನೂ ನೋಡಿದರಲ್ಲವೆ ಹೊಳೆಯನ್ನು ನೋಡಿದಂತೆ?

ನಾನು ಕೇಳುವುದು ಹೆಚ್ಚಿಲ್ಲ. ಗ್ರಾಮ ಪಂಚಾಯತಿಗಳೂ ದೇವಸ್ಥಾನದ ಹಿರಿಯರೂ ಮನಸ್ಸು ಮಾಡಿದರೆ ಒಂದೊಂದು ನೋಡುವ ಜಾಗದಲ್ಲಿ ಹೆಂಗಸರಿಗಾಗಿ ಅಗುಳಿಯಿರುವ, ನೀರಿರುವ ಒಂದು ಕೋಣೆ ಆಗದ ಮಾತಲ್ಲ. ಕೀಲಿಕೈ ಊರಿನ ಸ್ತ್ರೀಶಕ್ತಿ ಸಂಘದವರ ಕೈಯಲ್ಲಿರಲಿ. ಐದು ರೂಪಾಯಿ ಕೊಡಲು ಯಾರೂ ಬೇಡವೆನ್ನರು. ಶಿಕ್ಷಕ ಬಂಧುಗಳಲ್ಲಿ ಒಂದು ಬಿನ್ನಹ: ಮಕ್ಕಳ ಪ್ರವಾಸಕ್ಕೆ ದೂರದ ಊರುಗಳನ್ನು ಹುಡುಕುವ ಮೊದಲು ಭೀಮೆ, ಡೋಣಿ, ಕೃಷ್ಣೆಯರನ್ನು ತೋರಿಸಿರಿ. ಬಸ್ಸು ಹೊರಡುವ ಮುನ್ನ, ಇಳಿಯುವ ಪ್ರತಿಯೊಂದು ಸ್ಥಳದಲ್ಲಿ ಹೆಣ್ಣುಮಕ್ಕಳಿಗೆ ಏನು ವ್ಯವಸ್ಥೆಯೆಂದು ವಿಚಾರಿಸಿಕೊಳ್ಳಿರಿ. ದಿನವಿಡೀ ನೀರು ಕುಡಿಯದೆ ಕುಳಿತ ಹುಡುಗಿಗೆ ಯಾವ ಹೊಳೆಯೂ ಚೆಲುವಾಗಿ ಕಾಣದು.