ರಾಜಿ ಮಾಡಿಸಬೇಡಿ, ಜೊತೆಗೆ ಬನ್ನಿ

ಲೈಂಗಿಕ ದೌರ್ಜನ್ಯವನ್ನು ಮುಚ್ಚಿಹಾಕುವ ರೂಢಿ ನಿಲ್ಲಲಿ: ಕೊಡಗಿನ ಜನರಲ್ಲಿ ಒಂದು ಮನವಿ



ತನ್ನ ಮೇಲಾದ ದೌರ್ಜನ್ಯವನ್ನು ಒಂದು ಮಗು ಅಥವಾ ಒಬ್ಬ ಹೆಣ್ಣುಮಗಳು ಬಾಯಿಬಿಟ್ಟು ಹೇಳಿದ ದಿನವೇ ಆ ಮನೆಗೆ ಜನ ಬರತೊಡಗುತ್ತಾರೆ. ತೋಟದ ಕೂಲಿಕಾರರ ಲೈನ್ ಮನೆಯಾದರೆ ಲೆಕ್ಕ ಬರೆಯುವ ರೈಟರ್ ಬರುತ್ತಾನೆ, ಹಿಂದೆಯೇ ಮೇಸ್ತ್ರಿ ಬರುತ್ತಾನೆ. ಹಾಸ್ಟೆಲಾದರೆ ಅಪ್ಪ ಅಮ್ಮನನ್ನು ಆಫೀಸಿಗೆ ಕರೆಸುತ್ತಾರೆ. ಮನೆತನದ ಒಳಗಿನ ವಿಷಯವಾದರೆ ದೊಡ್ಡವರೊಬ್ಬರು ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಾರೆ. ಬಂದವರು ಬೇರೆ ಬೇರೆ, ಆಡುವ ಮಾತು ಒಂದೇ. ‘ಆದದ್ದು ಆಯಿತು.’ ‘ದೊಡ್ಡದು ಮಾಡಬೇಡಿ.’ ‘ಹುಡುಗಿಯ ಮುಂದಿನ ಬದುಕು ನೋಡಿ.’ ಆಮೇಲೆ ಒಂದಿಷ್ಟು ದುಡ್ಡಿನ ಮಾತು, ಇಲ್ಲವೇ ದೌರ್ಜನ್ಯ ಮಾಡಿದವನಿಗೇ ಕೊಟ್ಟು ಮದುವೆ ಮಾಡುವ ಮಾತು.

ಇದಕ್ಕೆ ನಾವು ರಾಜಿ ಅನ್ನುತ್ತೇವೆ. ರಾಜಿಯೆಂದರೆ ಎರಡು ಕಡೆಯವರೂ ಒಂದೊಂದು ಹೆಜ್ಜೆ ಹಿಂದೆ ಸರಿಯುವುದು. ಗದ್ದೆಯ ಬದುವಿಗೆ, ತೋಟದ ಬೇಲಿಗೆ, ನೀರಿನ ಸರದಿಗೆ ರಾಜಿ ಇರಬಹುದು. ಒಂದು ಮಗುವಿನ ಮೈಯ ವಿಷಯದಲ್ಲಿ ಎಂಥ ರಾಜಿ? ಅವಳು ಯಾವುದನ್ನು ಬಿಟ್ಟುಕೊಟ್ಟು ಹಿಂದೆ ಸರಿಯಬೇಕು?

ಈ ಕರಪತ್ರ ಹಂಚುತ್ತಿರುವ ನಾವು ಶಿಕ್ಷಕಿಯರು, ತೋಟದ ಕೆಲಸಗಾರರು, ಅಂಗನವಾಡಿಯವರು, ಮಕ್ಕಳ ತಾಯಂದಿರು. ಇಂಥ ರಾಜಿಯನ್ನು ಮೈಮೇಲೆ ಹೊತ್ತು ಬದುಕಿದವರೂ ನಮ್ಮಲ್ಲಿದ್ದಾರೆ. ಅವರಲ್ಲಿ ಒಬ್ಬರಿಗೆ ಈಗ ಐವತ್ತು ದಾಟಿದೆ. ಹನ್ನೊಂದನೆಯ ವಯಸ್ಸಿನಲ್ಲಿ, ಪುತ್ತರಿಯ ರಜೆಯಲ್ಲಿ, ಮನೆಗೆ ಬಂದ ನೆಂಟನೊಬ್ಬ ಅವರ ಮೈಮುಟ್ಟಿದ. ಅದೇ ವಾರ ಅವರು ತಾಯಿಗೆ ಹೇಳಿದರು. ತಾಯಿ ಅತ್ತರು, ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡರು, ಯಾರಿಗೂ ಹೇಳಬೇಡ ಎಂದರು. ಮರುವರ್ಷ ಅದೇ ನೆಂಟ ಮತ್ತೆ ಬಂದ. ಹಿರಿಯರು ಇವರ ಕೈಗೇ ಕಾಫಿ ಲೋಟ ಕೊಟ್ಟು, ‘ಹೋಗಿ ಕೊಟ್ಟು ಬಾ’ ಎಂದು ಕಳಿಸಿದರು. ‘ಅವನ ಮುಖ ಮಸುಕಾಗಿದೆ, ಆ ಲೋಟದ ಬಿಸಿ ಇನ್ನೂ ಬೆರಳಲ್ಲಿದೆ’ ಎನ್ನುತ್ತಾರೆ ಅವರು. ಮೊದಲ ಗಾಯ ಮಾಡಿದವನು ಒಬ್ಬ. ಎರಡನೆಯದನ್ನು ಮಾಡಿದ್ದು ಇಡೀ ಮನೆ. ಆ ಎರಡನೆಯ ಗಾಯವನ್ನು ನಿಲ್ಲಿಸುವುದು ನಮ್ಮ ನಿಮ್ಮ ಕೈಯಲ್ಲಿದೆ. ಈ ಕರಪತ್ರ ಬರೆದದ್ದು ಅದಕ್ಕಾಗಿ.

ರಾಜಿ ಮಾಡಿಸುವವರಿಗೆ ಕಾನೂನಿನ ಮಾತು

ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಹೇಳುವುದು ಇದನ್ನೇ. ತಿಳಿಸದೆ ಬಚ್ಚಿಟ್ಟರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು. ಬಚ್ಚಿಟ್ಟವರು ಸಂಸ್ಥೆಯ ಮುಖ್ಯಸ್ಥರಾಗಿದ್ದು, ಅಪರಾಧ ಮಾಡಿದವನು ಅವರ ಕೈಕೆಳಗಿನ ನೌಕರನಾಗಿದ್ದರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಮುಖ್ಯೋಪಾಧ್ಯಾಯರು, ವಾರ್ಡನ್, ಮಠದ ಅಥವಾ ಚರ್ಚಿನ ಆಡಳಿತದವರು, ಮದರಸಾದವರು, ಹಾಕಿ ಶಿಬಿರ ನಡೆಸುವವರು, ಎಲ್ಲರಿಗೂ ಇದು ಅನ್ವಯ. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ ಎಂದೂ ಅದೇ ಕಾಯ್ದೆ ಹೇಳಿದೆ.

ರಾಜಸ್ಥಾನದಲ್ಲಿ ಶಿಕ್ಷಕನೊಬ್ಬನ ಮೇಲಿದ್ದ ಕೇಸನ್ನು, ಹುಡುಗಿಯ ತಂದೆ ರಾಜಿಯಾಗಿದ್ದಾರೆ ಎಂಬ ಕಾರಣಕ್ಕೆ ಅಲ್ಲಿನ ಹೈಕೋರ್ಟ್ ರದ್ದು ಮಾಡಿತ್ತು. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತೆಗೆದುಹಾಕಿ, ವಿಚಾರಣೆ ಮುಂದುವರಿಯಬೇಕು ಎಂದಿತು. ಇಂಥ ಅಪರಾಧ ಇಬ್ಬರ ನಡುವಿನ ಖಾಸಗಿ ಜಗಳವಲ್ಲ ಎಂಬುದು ಆ ತೀರ್ಪಿನ ಸಾರ. ಅದಕ್ಕೂ ಮೊದಲು, 2021ರ ಮಾರ್ಚ್‌ನಲ್ಲಿ, ಆರೋಪಿಯು ದೂರುದಾರಳಿಂದ ರಾಖಿ ಕಟ್ಟಿಸಿಕೊಳ್ಳಬೇಕು ಎಂಬ ಜಾಮೀನು ಷರತ್ತನ್ನು ಸುಪ್ರೀಂ ಕೋರ್ಟ್ ರದ್ದುಮಾಡಿ, ರಾಜಿಯನ್ನಾಗಲಿ ಮದುವೆಯನ್ನಾಗಲಿ ಯಾವ ನ್ಯಾಯಾಧೀಶರೂ ಸೂಚಿಸಕೂಡದು ಎಂದು ಹೇಳಿತ್ತು. ನ್ಯಾಯಾಧೀಶರಿಗೇ ಇಲ್ಲದ ಅಧಿಕಾರ ತೋಟದ ರೈಟರಿಗೆ, ಊರಿನ ಹಿರಿಯರಿಗೆ ಎಲ್ಲಿಂದ ಬಂತು?

ಬಾಯಿಬಿಟ್ಟರೆ ಸೂರು ಹೋಗುತ್ತದೆ

ನಮ್ಮ ಜಿಲ್ಲೆಯಲ್ಲಿ ಮೌನಕ್ಕೆ ನಾಚಿಕೆಯೊಂದೇ ಕಾರಣವಲ್ಲ. ಲೈನ್ ಮನೆಯಲ್ಲಿರುವ ಹೆಣ್ಣುಮಗಳಿಗೆ ಮನೆ ತೋಟದವರದು, ಕೂಲಿ ತೋಟದವರದು, ಪಡೆದ ಮುಂಗಡವೂ ತೋಟದವರ ಲೆಕ್ಕದ ಪುಸ್ತಕದಲ್ಲಿದೆ. ದೂರು ಕೊಟ್ಟ ಸಂಜೆ ಪಾತ್ರೆ ಪಗಡಿ ಹೊತ್ತು ಎಲ್ಲಿಗೆ ಹೋಗಬೇಕು? 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದ್ದು ನಮಗೆಲ್ಲ ನೆನಪಿದೆ. ಅಲ್ಲಿದ್ದವರಲ್ಲಿ ಬಹಳ ಮಂದಿ ಲೈನ್ ಮನೆಗಳನ್ನು ಬಿಟ್ಟು ಬಂದ ಯರವರು, ಜೇನುಕುರುಬರು. ಕಾಲ ಕೆಳಗೆ ತಮ್ಮದೆಂಬ ನೆಲವಿಲ್ಲದವರು ಎದ್ದು ನಿಂತು ಮಾತಾಡುವುದು ಎಷ್ಟು ಕಷ್ಟ ಎಂಬುದನ್ನು ಆ ಹೋರಾಟ ತೋರಿಸಿತು. ಇಂದು ಅದೇ ಲೈನ್ ಮನೆಗಳಿಗೆ ಅಸ್ಸಾಂ, ಬಂಗಾಳ, ಜಾರ್ಖಂಡಿನ ಕುಟುಂಬಗಳು ಬಂದಿವೆ. ಅವರಿಗೆ ಠಾಣೆಯ ದಾರಿಯೂ ಗೊತ್ತಿಲ್ಲ, ಅಲ್ಲಿ ಆಡುವ ಭಾಷೆಯೂ ಬಾರದು.

ಆದ್ದರಿಂದ ಧೈರ್ಯ ಮಾಡಿ ಎಂದು ಅವರಿಗೆ ಉಪದೇಶ ಮಾಡುವ ಮೊದಲು, ಧೈರ್ಯ ಮಾಡಿದವರ ಸೂರು ಉಳಿಯುವಂತೆ ನೋಡಿಕೊಳ್ಳಬೇಕಾದವರು ನಾವು. 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ ಕಚೇರಿಗಳಿಗಷ್ಟೇ ಮೀಸಲಲ್ಲ, ತೋಟಕ್ಕೂ ಹೋಂಸ್ಟೇಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಇಲ್ಲದಿದ್ದರೆ ಮಾಲೀಕರಿಗೆ ₹50,000ದವರೆಗೆ ದಂಡವಿದೆ. ಹತ್ತಕ್ಕಿಂತ ಕಡಿಮೆ ಜನರಿದ್ದರೆ ಅಥವಾ ಮಾಲೀಕನ ಮೇಲೆಯೇ ದೂರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಮನೆಗೆಲಸದವರಿಗೂ ಇದೇ ದಾರಿ. ದೂರು ಕೊಡಲು ಮೂರು ತಿಂಗಳ ಅವಧಿಯಿದೆ, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು. ಬರೆಯಲು ಬಾರದವರಿಗೆ ಬರೆದುಕೊಡುವುದಕ್ಕೆ ನೆರವಾಗುವುದು ಸಮಿತಿಯ ಕರ್ತವ್ಯ.

ಒಂದು ಸೀರೆ ನುಡಿದ ಸಾಕ್ಷಿ

ಬಡವರ ಮಾತು ದೊಡ್ಡವರ ಎದುರು ನಿಲ್ಲುವುದಿಲ್ಲ ಎನ್ನುವವರು ಪಕ್ಕದ ಹಾಸನದ ಕಡೆ ನೋಡಬೇಕು. 2024ರ ಏಪ್ರಿಲ್‌ನಲ್ಲಿ ಅಲ್ಲಿ ಪೆನ್‌ಡ್ರೈವ್‌ಗಳು ಹರಿದಾಡಿದವು. ಅವುಗಳಲ್ಲಿದ್ದ, ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ದೃಶ್ಯಗಳು ಮೊಬೈಲಿನಿಂದ ಮೊಬೈಲಿಗೆ ದಾಟಿದವು. ಹಾಗೆ ದಾಟಿಸಿದ ಒಂದೊಂದು ಕೈಯೂ ಆ ಹೆಣ್ಣುಮಕ್ಕಳನ್ನು ಮತ್ತೊಮ್ಮೆ ನೋಯಿಸಿತು. ಅಷ್ಟಾದರೂ ಅಲ್ಲಿನ ಪ್ರಬಲ ರಾಜಕೀಯ ಕುಟುಂಬವೊಂದರ ತೋಟದ ಮನೆಯಲ್ಲಿ ಕೆಲಸಕ್ಕಿದ್ದ ಮಹಿಳೆಯೊಬ್ಬರು ಹಿಂದೆ ಸರಿಯಲಿಲ್ಲ. ಎದುರಿಗಿದ್ದವರು ಆಗಿನ ಸಂಸದ ಪ್ರಜ್ವಲ್ ರೇವಣ್ಣ, ಮಾಜಿ ಪ್ರಧಾನಿಯ ಮೊಮ್ಮಗ. ಆಕೆಯ ಸೀರೆಯ ಮೇಲೆ ಸಿಕ್ಕ ಡಿಎನ್‌ಎ ದೊಡ್ಡ ಸಾಕ್ಷಿಯಾಯಿತು. 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದಿತು. ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿಯ ಹಕ್ಕು ಅವರಿಗಿದೆ. ಆದರೆ ಮನೆಗೆಲಸದ ಒಬ್ಬ ಹೆಣ್ಣುಮಗಳ ಮಾತನ್ನು ನ್ಯಾಯಾಲಯ ಪೂರ್ತಿ ಕೇಳಿಸಿಕೊಂಡಿತು ಎಂಬುದನ್ನು ಇನ್ನು ಯಾರೂ ಅಳಿಸಲಾರರು.

ಆ ಸೀರೆಯಿಂದ ನಾವು ಕಲಿಯುವುದಿದೆ. ದೌರ್ಜನ್ಯವಾದಾಗ ತೊಟ್ಟಿದ್ದ ಬಟ್ಟೆ ಒಗೆಯಬೇಡಿ. ಕಾಗದದ ಚೀಲದಲ್ಲಿ ಎತ್ತಿಡಿ, ಪ್ಲಾಸ್ಟಿಕ್ ಬೇಡ. ಸಾಧ್ಯವಾದರೆ ಸ್ನಾನಕ್ಕೂ ಮೊದಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರಿಯಾಗಲಿ ಖಾಸಗಿಯಾಗಲಿ ಯಾವ ಆಸ್ಪತ್ರೆಯೂ ಚಿಕಿತ್ಸೆ ನಿರಾಕರಿಸುವಂತಿಲ್ಲ, ಹಣ ಕೇಳುವಂತಿಲ್ಲ. ಗರ್ಭ ನಿಲ್ಲದಂತೆ, ಎಚ್‌ಐವಿ ತಗಲದಂತೆ ಕೊಡುವ ಔಷಧಿಗಳನ್ನು 72 ಗಂಟೆಯೊಳಗೆ ಶುರುಮಾಡಬೇಕು. ‘ಎರಡು ಬೆರಳಿನ ಪರೀಕ್ಷೆ’ ಮಾಡಕೂಡದು ಎಂದು 2022ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಕಟ್ಟುನಿಟ್ಟಾಗಿ ಹೇಳಿದೆ.

ಕೇಳುವ ಕಿವಿ ಎಷ್ಟು ದೂರ?

2022ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಮಠವೊಂದರ ಹಾಸ್ಟೆಲಿನ ಇಬ್ಬರು ಹುಡುಗಿಯರ ಮಾತು ದೂರಾಗಿ ದಾಖಲಾದದ್ದು ಮೈಸೂರಿನಲ್ಲಿ, ಒಡನಾಡಿ ಸೇವಾ ಸಂಸ್ಥೆಯ ನೆರವಿನಿಂದ. ಆ ಪ್ರಕರಣದಲ್ಲಿ 2025ರ ನವೆಂಬರ್‌ನಲ್ಲಿ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. ಆರೋಪ ನಿಜವೋ ಸುಳ್ಳೋ ತೂಗುವುದು ಕೋರ್ಟಿನ ಕೆಲಸ, ಅದರಲ್ಲಿ ನಾವು ಕೈಹಾಕುವುದಿಲ್ಲ. ನಾವು ಕೇಳುವುದು ಇಷ್ಟೇ: ಮಕ್ಕಳು ಮಾತಾಡಲು ಇನ್ನೂರು ಕಿಲೋಮೀಟರಿಗೂ ಆಚೆಯ ಊರಿಗೆ ಹೋಗಬೇಕಾಗಿ ಬಂದದ್ದು ಏಕೆ? ಕುಟ್ಟದ ಹಾಡಿಯ ಹುಡುಗಿಗೆ, ಶನಿವಾರಸಂತೆಯ ಹಾಸ್ಟೆಲ್ ಹುಡುಗನಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಅಂಥದೊಂದು ಕಿವಿ ಇದೆಯೇ?

ಹುಡುಗ ಎಂದದ್ದು ಕೈತಪ್ಪಿ ಅಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರ ತನ್ನ ವರದಿಗಾಗಿ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿತು. ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳು. ‘ಗಂಡಸಾಗಿ ಅಳ್ತೀಯಾ’ ಎಂದು ನಾವೇ ಅವರ ಬಾಯಿ ಮುಚ್ಚಿಸಿದ್ದೇವೆ.

ನೀವು ಕೇಳಬಹುದಾದ ನಾಲ್ಕು ಪ್ರಶ್ನೆಗಳು

*ದೂರು ಸುಳ್ಳಾಗಿದ್ದರೆ?* ಅದಕ್ಕೇ ತನಿಖೆ ಇರುವುದು. ಆರೋಪಿಗೂ ವಕೀಲರಿದ್ದಾರೆ, ಅವನ ಮಾತನ್ನೂ ಕೋರ್ಟ್ ಕೇಳುತ್ತದೆ. ರಾಜಿ ಪಂಚಾಯಿತಿಯಲ್ಲಿ ಸತ್ಯ ತಿಳಿಯುವುದಿಲ್ಲ, ಹೂತುಹೋಗುತ್ತದೆ. ನಿರಪರಾಧಿಗೂ ಅಲ್ಲಿ ನ್ಯಾಯವಿಲ್ಲ.

*ಹುಡುಗಿಯ ಹೆಸರು ಬೀದಿಗೆ ಬಂದರೆ?* ಸಂತ್ರಸ್ತರ ಗುರುತು ಬಯಲು ಮಾಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು. ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೊ ಹಾಕುವವರು ಇದನ್ನು ತಿಳಿದಿರಲಿ. ಮಗುವಿನ ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದಕ್ಕೆ ಇಷ್ಟವಾದ ಜಾಗದಲ್ಲೋ ಪಡೆಯಬೇಕು. ಪೊಲೀಸರು ಸಮವಸ್ತ್ರದಲ್ಲಿರಕೂಡದು. ಕೋರ್ಟಿನಲ್ಲಿ ಮಗು ಆರೋಪಿಯ ಮುಖ ನೋಡಬೇಕಾಗಿಲ್ಲ.

*ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ?* ಬೇರೆ ಠಾಣೆಯ ಸರಹದ್ದಿನದೆಂದು ವಾಪಸ್ ಕಳಿಸುವಂತಿಲ್ಲ, ಯಾವ ಠಾಣೆಯಲ್ಲಾದರೂ ದಾಖಲಿಸಬೇಕು. ಅತ್ಯಾಚಾರದ ದೂರು ಬರೆದುಕೊಳ್ಳದ ಅಧಿಕಾರಿಗೆ ಅದೇ ನ್ಯಾಯ ಸಂಹಿತೆಯ 199ನೇ ಕಲಂ ಅಡಿ ಆರು ತಿಂಗಳಿಂದ ಎರಡು ವರ್ಷ ಕಠಿಣ ಜೈಲು.

*ಹಳೆಯ ಮಾತನ್ನು ಈಗೇಕೆ ಕೆದಕಬೇಕು?* ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆಯಿರುವ ಅಪರಾಧಕ್ಕೆ ದೂರು ಕೊಡಲು ಕಾಲಮಿತಿಯಿಲ್ಲ. ತಡವಾಯಿತು ಎಂಬ ಒಂದೇ ಕಾರಣಕ್ಕೆ ಆಕೆಯ ಮಾತು ಸುಳ್ಳಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಆದರೆ ದೂರು ಕೊಡುವುದೋ ಬಿಡುವುದೋ ಎಂಬುದನ್ನು, ದೊಡ್ಡವರಾದ ಮೇಲೆ ಮಾತಾಡುವವರು ತಾವೇ ನಿರ್ಧರಿಸಲಿ. ನಾವು ಅವಸರ ಮಾಡುವುದೂ ಬೇಡ, ಬಾಯಿ ಮುಚ್ಚಿಸುವುದೂ ಬೇಡ.

ಗಾಯ ಮಾಯಬೇಕಾದರೆ

ತೀರ್ಪು ಬಂದ ದಿನವೇ ಗಾಯ ಮಾಯುವುದಿಲ್ಲ. ಎಷ್ಟೋ ಸಲ ತೀರ್ಪು ಬರುವುದೂ ಇಲ್ಲ. ನಮ್ಮಲ್ಲಿ ಬದುಕಿ ಉಳಿದವರು ಹೇಳುವುದನ್ನು ಹೇಳಿದಂತೆ ಬರೆಯುತ್ತೇವೆ. ಮೊದಲು ನಂಬಬೇಕು. ‘ನೀನೇಕೆ ಅಲ್ಲಿಗೆ ಹೋದೆ’ ಎನ್ನಬಾರದು. ದೌರ್ಜನ್ಯ ಮಾಡಿದವನಿರುವ ಮದುವೆಗೆ, ಅವನಿರುವ ಊಟದ ಪಂಕ್ತಿಗೆ ಕರೆದುಕೊಂಡು ಹೋಗಬಾರದು. ಶಾಲೆ, ಕೆಲಸ, ಆಟ ನಿಲ್ಲಬಾರದು. ಜಾಗ ಬಿಡಬೇಕಾದವನು ಮಾಡಿದವನು. ನಿದ್ದೆ ಬಾರದ ರಾತ್ರಿಗಳು ವರ್ಷಗಳ ನಂತರವೂ ಬರಬಹುದು. ಆಗ ಮಾತಾಡಿಸುವವರು ಬೇಕು. ಆಪ್ತಸಮಾಲೋಚಕರ ಬಳಿ ಹೋಗುವುದು ಹುಚ್ಚೂ ಅಲ್ಲ, ನಾಚಿಕೆಯೂ ಅಲ್ಲ.

ನಾವು ಕೇಳುತ್ತಿರುವುದು

1. ಕೊಡವ ಸಮಾಜಗಳು, ಗೌಡ ಸಮಾಜಗಳು, ಜಮಾಅತ್‌ಗಳು, ಚರ್ಚ್, ದೇವಸ್ಥಾನ ಮತ್ತು ಮಠಗಳ ಆಡಳಿತ ಮಂಡಳಿಗಳು, ಹಾಡಿಯ ಯಜಮಾನರು ಮುಂದಿನ ಸಭೆಯಲ್ಲಿ ಒಂದು ಸಾಲಿನ ಠರಾವು ಮಾಡಲಿ: ‘ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ನಾವು ರಾಜಿ ಮಾಡಿಸುವುದಿಲ್ಲ.’

2. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಪ್ರತಿ ತೋಟ, ರೆಸಾರ್ಟ್, ಹೋಂಸ್ಟೇ, ಕಾಫಿ ಕ್ಯೂರಿಂಗ್ ಕೇಂದ್ರದಲ್ಲಿ ಆಂತರಿಕ ಸಮಿತಿ ರಚನೆಯಾಗಲಿ. ಅದರ ಸದಸ್ಯರ ಹೆಸರನ್ನು ಕೂಲಿ ಬಟವಾಡೆಯ ಜಾಗದಲ್ಲಿ, ಕೆಲಸಗಾರರು ಓದಬಲ್ಲ ಭಾಷೆಯಲ್ಲಿ ಬರೆದು ಹಾಕಲಿ.

3. ದೂರು ಇತ್ಯರ್ಥವಾಗುವವರೆಗೆ ದೂರು ಕೊಟ್ಟವರನ್ನು ಲೈನ್ ಮನೆಯಿಂದ ಬಿಡಿಸಬಾರದು. ಇದನ್ನು ಜಿಲ್ಲಾಡಳಿತ ಲಿಖಿತ ಆದೇಶವಾಗಿ ಹೊರಡಿಸಲಿ.

4. ಶಾಲೆ, ಆಶ್ರಮ ಶಾಲೆ, ಹಾಸ್ಟೆಲ್, ಕ್ರೀಡಾ ಶಿಬಿರಗಳಲ್ಲಿ ಆರೋಪ ಬಂದ ದಿನವೇ ಪೊಲೀಸರಿಗೆ ತಿಳಿಸಲಿ. ತನಿಖೆ ಮುಗಿಯುವವರೆಗೆ ಆರೋಪಿ ಮಕ್ಕಳ ಹತ್ತಿರ ಇರಕೂಡದು.

5. ಜಿಲ್ಲೆಯ ಸ್ಥಳೀಯ ಸಮಿತಿಯ ಸದಸ್ಯರು ಯಾರು, ಎಲ್ಲಿ ಸಿಗುತ್ತಾರೆ ಎಂಬುದನ್ನು ಐದೂ ತಾಲ್ಲೂಕುಗಳ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸಲಿ.

6. ಯರವ, ಕುರುಬ, ಬಂಗಾಳಿ, ಅಸ್ಸಾಮಿ ಮಾತಾಡುವವರಿಗೆ ಠಾಣೆಯಲ್ಲೂ ಕೋರ್ಟಿನಲ್ಲೂ ಭಾಷಾಂತರಿಸುವವರು ಸಿಗಲಿ.

ಈ ನಂಬರುಗಳನ್ನು ಬರೆದಿಟ್ಟುಕೊಳ್ಳಿ

ಮಕ್ಕಳಿಗೆ 1098. ಮಹಿಳೆಯರಿಗೆ 181. ತುರ್ತಿಗೆ 112. ಉಚಿತ ಕಾನೂನು ನೆರವಿಗೆ 15100. ಮನಸ್ಸಿನ ನೋವಿಗೆ, ಹಗಲು ರಾತ್ರಿ ಯಾವಾಗ ಬೇಕಾದರೂ, ಟೆಲಿ ಮನಸ್ 14416.

ಕೊನೆಗೊಂದು ಮಾತು. ಕಾಫಿ ಲೋಟದ ಕಥೆ ಹೇಳಿದ ನಮ್ಮ ಅಕ್ಕ ತಾಯಿಯನ್ನು ಇಂದಿಗೂ ದೂರುವುದಿಲ್ಲ. ಆ ತಾಯಿಗೂ ಆ ಮನೆಯಲ್ಲಿ ಮಾತಾಡುವ ಹಕ್ಕಿರಲಿಲ್ಲ ಎನ್ನುತ್ತಾರೆ. ಅಂದು ಆ ಅಡುಗೆಮನೆಯಲ್ಲಿ ಆರೇಳು ಜನರಿದ್ದರಂತೆ. ಪೊಲೀಸು, ಕೋರ್ಟು, ಕಾಯ್ದೆ ಯಾವುದೂ ಆಗ ಅವರಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆ ಆರೇಳು ಜನರಲ್ಲಿ ಒಬ್ಬರು ‘ಲೋಟ ಇಲ್ಲಿ ಕೊಡು ಮಗಳೇ, ನೀನು ಹೋಗಬೇಡ’ ಎಂದಿದ್ದರೆ ಸಾಕಿತ್ತು.

ನಿಮ್ಮ ಮನೆಯಲ್ಲಿ, ನಿಮ್ಮ ತೋಟದಲ್ಲಿ, ನಿಮ್ಮ ಶಾಲೆಯಲ್ಲಿ ಆ ಒಬ್ಬರು ನೀವಾಗಿ.

— ಕೊಡಗಿನ ಕೆಲವು ಹೆಣ್ಣುಮಕ್ಕಳು

(ಓದಿದ ಮೇಲೆ ಎಸೆಯಬೇಡಿ. ಓದಲು ಬಾರದವರಿಗೆ ಓದಿ ಹೇಳಿ, ಇನ್ನೊಬ್ಬರ ಕೈಗೆ ಕೊಡಿ.)