ಯೋಧನ ಪಿಂಚಣಿಯಲ್ಲಿ ವಿಚ್ಛೇದಿತೆಗೆ ಏನುಂಟು, ಏನಿಲ್ಲ

ಸೈನ್ಯದಲ್ಲಿ ಹದಿನೈದು ವರ್ಷಗಳ ಅರ್ಹ ಸೇವೆ ಪೂರೈಸಿದ ಜವಾನನು ನಲವತ್ತರ ಆಸುಪಾಸಿನಲ್ಲಿಯೇ ಊರಿಗೆ ಮರಳುತ್ತಾನೆ. ಅಲ್ಲಿಂದ ಜೀವಿತಾವಧಿಯವರೆಗೂ ಅವನಿಗೆ ಪಿಂಚಣಿ ಬರುತ್ತದೆ. ಅದು ಅವನ ದುಡಿಮೆಯ ಫಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವನಿಲ್ಲದ ಮನೆಯಲ್ಲಿ ಹೊಲ, ಅತ್ತೆಮಾವ, ಮಕ್ಕಳ ಶಾಲೆ ಎಲ್ಲವನ್ನೂ ಹೊತ್ತು ನಿಂತ ಹೆಣ್ಣಿನ ವರ್ಷಗಳೂ ಅದರ ಹಿಂದಿವೆ. ದಾಂಪತ್ಯ ಮುರಿದು ಬಿದ್ದಾಗ ಆ ಪಿಂಚಣಿಯಲ್ಲಿ ಅವಳಿಗೆ ಪಾಲುಂಟೇ ಎಂಬ ಪ್ರಶ್ನೆ ಸೈನಿಕರನ್ನು ಕಳುಹಿಸಿದ ಗಡಿನಾಡಿನ ಊರುಗಳಿಗೆ ದೂರದ್ದಲ್ಲ.

ಅಮೆರಿಕದಲ್ಲಿ 1982ರ ಕಾಯ್ದೆಯೊಂದು ಸೈನಿಕನ ನಿವೃತ್ತಿ ವೇತನವನ್ನು ದಂಪತಿಗಳ ಸಂಪತ್ತೆಂದು ಪರಿಗಣಿಸಿ ಹಂಚಲು ರಾಜ್ಯಗಳ ನ್ಯಾಯಾಲಯಗಳಿಗೆ ಅವಕಾಶ ನೀಡಿದೆ. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಇಲ್ಲಿ ವಿಚ್ಛೇದಿತೆಯು ‘ಪಾಲು’ ಕೇಳಲಾರಳು; ‘ಜೀವನಾಂಶ’ ಕೇಳಬಲ್ಲಳು. ಈ ಎರಡು ಪದಗಳ ನಡುವಿನ ಅಂತರ ತಿಳಿಯದೆ ಸಲ್ಲಿಸಿದ ಅರ್ಜಿಗಳು ಕಚೇರಿಯಿಂದ ಕಚೇರಿಗೆ ಅಲೆಯುತ್ತವೆ. ಪಿಂಚಣಿ ಕಚೇರಿಗೆ ಪಾಲು ಮಾಡುವ ಅಧಿಕಾರವಿಲ್ಲ. ಮೊದಲು ಬೇಕಾದುದು ನ್ಯಾಯಾಲಯದ ಆದೇಶ.

ಆ ಆದೇಶಕ್ಕೆ ದಾರಿಗಳು ಎರಡು. ಒಂದು, ಹಿಂದೂ ವಿವಾಹ ಕಾಯ್ದೆಯ 25ನೆಯ ಕಲಮಿನ ಶಾಶ್ವತ ಜೀವನಾಂಶ. ಮತ್ತೊಂದು, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿದೆ. ಇಲ್ಲಿ ‘ಪತ್ನಿ’ ಎಂಬ ಪದದಲ್ಲಿ ಮರುಮದುವೆಯಾಗದ ವಿಚ್ಛೇದಿತೆಯೂ ಸೇರುತ್ತಾಳೆ. ತೆಲಂಗಾಣದಿಂದ ಹೋದ ಪ್ರಕರಣವೊಂದರಲ್ಲಿ, ಅದೇ ಜುಲೈ 10ರಂದು, ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠವು ಮುಸ್ಲಿಂ ವಿಚ್ಛೇದಿತೆಯರಿಗೂ ಈ ದಾರಿ ತೆರೆದಿದೆ ಎಂದು ಸ್ಪಷ್ಟಪಡಿಸಿತು.

ಪಿಂಚಣಿಯನ್ನು ಯಾರೂ ಮುಟ್ಟುವಂತಿಲ್ಲ ಎಂಬ ಮಾತು ಊರಿನ ಕಟ್ಟೆಯಲ್ಲಿ ಮಾತ್ರವಲ್ಲ, ಕೆಲವೊಮ್ಮೆ ವಕೀಲರ ಬಾಯಲ್ಲಿಯೂ ಕೇಳಿಬರುತ್ತದೆ. ಅದರ ಮೂಲ 1871ರ ಪಿಂಚಣಿ ಕಾಯ್ದೆ. ಸಾಲ ಕೊಟ್ಟವರು ಪಿಂಚಣಿಯನ್ನು ಜಪ್ತಿ ಮಾಡಿಸಲಾಗದು ಎಂದು ಅದರ 11ನೆಯ ಕಲಮು ಹೇಳುತ್ತದೆ. ಹಾಗಾದರೆ ಹೆಂಡತಿ ಸಾಲ ಕೊಟ್ಟವಳೇ? ಅಲ್ಲ ಎಂದು ಬಾಂಬೆ ಉಚ್ಚ ನ್ಯಾಯಾಲಯದ ನಾಗಪುರ ಪೀಠ ತೀರ್ಪಿತ್ತಿದೆ. ಜೀವನಾಂಶಕ್ಕಾಗಿ ಪಿಂಚಣಿಯಿಂದ ವಸೂಲಿ ಸಾಧ್ಯವೆಂದಿದೆ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳ ಓದುಗರಿಗೆ ಇದು ತಮ್ಮದೇ ಉಚ್ಚ ನ್ಯಾಯಾಲಯದ ಮಾತು. 2025ರ ಆಗಸ್ಟ್‌ನಿಂದ ಕೊಲ್ಲಾಪುರದಲ್ಲಿ ಸಂಚಾರಿ ಪೀಠ ತೆರೆದಿರುವುದರಿಂದ ಮೇಲ್ಮನವಿಗೆ ಮುಂಬಯಿಯವರೆಗೆ ಹೋಗಬೇಕಾಗಿಯೂ ಇಲ್ಲ.

ಎಷ್ಟು ಸಿಗುತ್ತದೆ? ಸೂತ್ರವಿಲ್ಲ. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ಪ್ರಕರಣದಲ್ಲಿ ಪತಿಯ ನಿವ್ವಳ ಸಂಬಳದ ಶೇಕಡಾ 25 ನ್ಯಾಯೋಚಿತವೆಂದಿತು. ಬಹಳಷ್ಟು ಕೆಳ ನ್ಯಾಯಾಲಯಗಳು ಅದನ್ನೇ ಅಳತೆಗೋಲಾಗಿ ಹಿಡಿಯುತ್ತವೆ. 2020ರ ರಜನೀಶ್–ನೇಹಾ ಪ್ರಕರಣದ ತೀರ್ಪಿನ ಬಳಿಕ ಇಬ್ಬರೂ ಆದಾಯ ಹಾಗೂ ಆಸ್ತಿಗಳ ಪ್ರಮಾಣಪತ್ರ ಸಲ್ಲಿಸಲೇಬೇಕು, ಮತ್ತು ಜೀವನಾಂಶವು ಅರ್ಜಿ ಹಾಕಿದ ದಿನದಿಂದ ಲೆಕ್ಕಕ್ಕೆ ಬರುತ್ತದೆ. ಪಿಂಚಣಿ ಮುಚ್ಚಿಡುವುದು ಈಗ ಅಷ್ಟು ಸುಲಭವಲ್ಲ.

ಆದರೂ ನಮ್ಮ ದೃಷ್ಟಿಯಲ್ಲಿ ಹೆಚ್ಚಿನ ನಷ್ಟವಾಗುವುದು ಮೊತ್ತದಲ್ಲಲ್ಲ, ಆದೇಶದ ಬರವಣಿಗೆಯಲ್ಲಿ. ಸೈನಿಕನ ಪಿಂಚಣಿ ನಿಂತ ನೀರಲ್ಲ. ತುಟ್ಟಿಪರಿಹಾರ ಏರುತ್ತದೆ, ‘ಒಂದು ಶ್ರೇಣಿ, ಒಂದು ಪಿಂಚಣಿ’ ಯೋಜನೆಯಡಿ ಐದು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ. ಆದೇಶದಲ್ಲಿ ‘ತಿಂಗಳಿಗೆ ಇಷ್ಟು ರೂಪಾಯಿ’ ಎಂದು ಮಾತ್ರ ಬರೆದಿದ್ದರೆ ಹತ್ತು ವರ್ಷಗಳಲ್ಲಿ ಅದು ಪುಡಿಗಾಸಾಗುತ್ತದೆ. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಮರುಮದುವೆಯಾಗದ ಪತ್ನಿಯೊಬ್ಬಳಿಗೆ ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆಯೊಡನೆ ಜೀವನಾಂಶ ನೀಡಿದೆ. ಅಂಥ ಏರಿಕೆಯನ್ನು ಮೊದಲ ಅರ್ಜಿಯಲ್ಲಿಯೇ ಕೇಳಬೇಕು.

ಇನ್ನೊಂದು ಅಪಾಯವಿದೆ. ಸೈನಿಕನು ತನ್ನ ಪಿಂಚಣಿಯ ಅರ್ಧದವರೆಗೂ ಮುಂಗಡವಾಗಿ ಒಟ್ಟು ಮೊತ್ತ ಪಡೆಯಬಹುದು. ಆಗ ಮಾಸಿಕ ಪಿಂಚಣಿ ಕುಗ್ಗುತ್ತದೆ, ಮೊದಲಿನಂತಾಗುವುದು 15 ವರ್ಷಗಳ ಬಳಿಕ. ಆ ಒಟ್ಟು ಮೊತ್ತ ಎಲ್ಲಿ ಹೋಯಿತೆಂದು ನ್ಯಾಯಾಲಯದಲ್ಲಿ ಕೇಳದಿದ್ದರೆ, ಕುಗ್ಗಿದ ಪಿಂಚಣಿಯನ್ನಷ್ಟೇ ತೋರಿಸಿ ಜೀವನಾಂಶವನ್ನೂ ಕುಗ್ಗಿಸಲಾಗುತ್ತದೆ. ಮಾಜಿ ಪತಿ ತೀರಿಕೊಂಡರಂತೂ ಪಿಂಚಣಿಯೇ ನಿಲ್ಲುತ್ತದೆ, ಕುಟುಂಬ ಪಿಂಚಣಿ ವಿಚ್ಛೇದಿತೆಗೆ ಬರುವುದಿಲ್ಲ. ಆದುದರಿಂದ ಹೊಲವೋ ಮನೆಯೋ ಇದ್ದರೆ, 25ನೆಯ ಕಲಮಿನಲ್ಲಿರುವಂತೆ ಆ ಸ್ಥಿರಾಸ್ತಿಯ ಮೇಲೆ ಜೀವನಾಂಶದ ಹೊಣೆಯನ್ನು ದಾಖಲಿಸುವಂತೆ ಕೋರಬೇಕು. ಕಾನೂನು ಕೊಟ್ಟ ಈ ಊರುಗೋಲನ್ನು ನಮ್ಮ ಹೆಣ್ಣುಮಕ್ಕಳು ಬಳಸುವುದು ತೀರ ವಿರಳ.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ‘ಮುಂದೆ ಏನನ್ನೂ ಕೇಳುವುದಿಲ್ಲ’ ಎಂಬ ಸಾಲಿಗೆ ಸಹಿ ಹಾಕಿಸುವುದು ರೂಢಿ. ಮಹಾರಾಷ್ಟ್ರದಲ್ಲಿ ಅದು ಮರಾಠಿಯಲ್ಲಿರುತ್ತದೆ, ಹೊಸೂರು, ತಾಳವಾಡಿಗಳಲ್ಲಿ ತಮಿಳಿನಲ್ಲಿ. ಕನ್ನಡ ಶಾಲೆಯಲ್ಲಿ ಕಲಿತವಳು ಓದಲಾಗದ ಕಾಗದಕ್ಕೆ ಸಹಿ ಹಾಕುತ್ತಾಳೆ. ಅದನ್ನು ಕನ್ನಡದಲ್ಲಿ ಓದಿ ಹೇಳಿದ ಬಳಿಕವೇ ಸಹಿ ಎಂದು ಪಟ್ಟು ಹಿಡಿಯುವುದು ಅವಿನಯವಲ್ಲ.

ಭಾಷೆಯ ವಿಷಯದಲ್ಲಿ ಅವಳಿಗೆ ಎರಡು ಅನುಕೂಲಗಳೂ ಉಂಟು. ಜೀವನಾಂಶದ ಅರ್ಜಿಯನ್ನು, ವಿಚ್ಛೇದನದ ಅರ್ಜಿಯನ್ನೂ, ಹೆಂಡತಿ ತಾನು ವಾಸಿಸುವ ಊರಿನ ನ್ಯಾಯಾಲಯದಲ್ಲಿಯೇ ಸಲ್ಲಿಸಬಹುದು. ಜತ್ತದ ಸೊಸೆ ವಿಜಯಪುರದ ತವರಿನಲ್ಲಿದ್ದರೆ ಕನ್ನಡ ನಡೆಯುವ ವಿಜಯಪುರದ ನ್ಯಾಯಾಲಯವೇ ಅವಳದು. ಎರಡನೆಯದು ಸಂವಿಧಾನದ 350ನೆಯ ವಿಧಿ. ಮಾತೃಭಾಷಾ ಶಿಕ್ಷಣದ 350-ಎ ನಮ್ಮ ಶಾಲಾ ಹೋರಾಟಗಳಿಂದ ಎಲ್ಲರಿಗೂ ಪರಿಚಿತ. ಅದರ ಮಗ್ಗುಲಲ್ಲಿಯೇ ಇರುವ 350, ಕೇಂದ್ರದ ಯಾವುದೇ ಅಧಿಕಾರಿಗೆ ದೇಶದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿ ಸಲ್ಲಿಸುವ ಹಕ್ಕನ್ನು ಕೊಡುತ್ತದೆ. ಬೆಳಗಾವಿಯ ಮರಾಠಾ ಲಘು ಪದಾತಿದಳದ ದಾಖಲೆ ಕಚೇರಿಗಾಗಲಿ, ನೀಲಗಿರಿಯ ವೆಲಿಂಗ್ಟನ್‌ನಲ್ಲಿರುವ ಮದ್ರಾಸ್ ರೆಜಿಮೆಂಟ್‌ಗಾಗಲಿ ಕನ್ನಡದಲ್ಲಿಯೇ ಬರೆಯಬಹುದು. ನ್ಯಾಯಾಲಯದ ಆದೇಶದ ದೃಢೀಕೃತ ಪ್ರತಿ ಮಾತ್ರ ಜೊತೆಗಿರಲಿ.

ಮಕ್ಕಳ ಮಾತು ಬೇರೆ. ತಂದೆತಾಯಿ ಬೇರೆಯಾದರೂ ಅವರ ಕುಟುಂಬ ಪಿಂಚಣಿಯ ಅರ್ಹತೆ ಅಳಿಯುವುದಿಲ್ಲ. ಸೇನಾ ದಾಖಲೆಯಲ್ಲಿ ಅವರ ಹೆಸರಿದೆಯೇ, ಶಾಲಾ ದಾಖಲೆಯ ಹೆಸರಿಗೂ ಜನ್ಮದಿನಾಂಕಕ್ಕೂ ಹೊಂದುತ್ತದೆಯೇ ಎಂದು ಈಗಲೇ ನೋಡಬೇಕು. ಕನ್ನಡದ ಹೆಸರು ಮರಾಠಿ, ಮಲಯಾಳಂಗಳನ್ನು ದಾಟಿ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಏನಾಗುತ್ತದೆಂಬುದು ನಮ್ಮ ಪಾಲಕರಿಗೆ ಹೇಳಬೇಕಾದುದಲ್ಲ.

ಆದೇಶವಾದ ಮೇಲೂ ಹಣ ಬಾರದಿದ್ದರೆ 144ನೆಯ ಕಲಮಿನಡಿ ವಾರಂಟ್ ಹೊರಡಿಸಬಹುದು, ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಸೆರೆಯೂ ಆಗಬಹುದು. ಆದರೆ ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಸಲ್ಲಬೇಕು. ಹಬ್ಬ ಮುಗಿಯಲಿ, ಮಗನ ಪರೀಕ್ಷೆ ಮುಗಿಯಲಿ ಎಂದು ಕಾಯುತ್ತ ಆ ಗಡುವನ್ನು ಮೀರಿಸಬಾರದು.