ಕಾರಿನ ಸಂಗೀತಕ್ಕೆ ಆಂಪ್ಲಿಫೈಯರು

ನಮ್ಮ ಅಳಿಯಂದಿರು ಕಳೆದ ವರ್ಷ ಒಂದು ಹಳೆಯ ಸಣ್ಣ ಕಾರನ್ನು ಕೊಂಡುಕೊಂಡರು. ವೃದ್ಧರಾದ ತಮ್ಮ ತಾಯಿಯವರನ್ನು ತಿಂಗಳಿಗೆ ಎರಡಾವರ್ತಿ ಹಾಸನದಿಂದ ಬೆಂಗಳೂರಿಗೆ ವೈದ್ಯರ ಬಳಿಗೆ ಕರೆದೊಯ್ಯಬೇಕಾದುದೇ ಇದಕ್ಕೆ ಮುಖ್ಯ ಕಾರಣ. ಆ ತಾಯಿಗೆ ವೀಣಾವಾದನವೆಂದರೆ ಪ್ರಾಣ. ಆದರೆ ಗಾಡಿಯು ಗಂಟೆಗೆ ೮೦ ಕಿಲೋಮೀಟರ್ ವೇಗವನ್ನು ಹಿಡಿದೊಡನೆಯೇ ಚಕ್ರಗಳ ಸದ್ದಿನಲ್ಲಿ ವೀಣೆಯು ಮುಳುಗಿಹೋಗುತ್ತಿತ್ತು. ಸ್ಟೀರಿಯೋವಿನ ಧ್ವನಿಯನ್ನು ಏರಿಸಿದರೆ ನಾದಕ್ಕೆ ಬದಲಾಗಿ ಗರಗರ ಶಬ್ದವು ಹೊರಡುತ್ತಿತ್ತು. ಆಂಪ್ಲಿಫೈಯರನ್ನು ಹಾಕಿಸದ ಹೊರತು ಇದಕ್ಕೆ ಪರಿಹಾರವಿಲ್ಲವೆಂದು ಒಬ್ಬ ಅಂಗಡಿಯವನು ಹೇಳಿ, ೨೦೦೦ ವ್ಯಾಟ್ ಎಂದು ಬಂಗಾರದ ಬಣ್ಣದಲ್ಲಿ ಅಚ್ಚು ಮಾಡಿದ್ದ ಪೆಟ್ಟಿಗೆಯೊಂದನ್ನು ತೋರಿಸಿದನು. ಇವರು ೯,೦೦೦ ರೂಪಾಯಿಗಳನ್ನು ತೆತ್ತು ಅದನ್ನು ಕೂಡಿಸಿಕೊಂಡು ಬಂದರು. ಒಂದು ತಿಂಗಳೊಳಗಾಗಿ ಮುಂದಿನ ಎರಡು ಸ್ಪೀಕರುಗಳೂ ಸುಟ್ಟವು. ಒಂದು ಸಂಜೆ ಕಾಲಡಿಯ ಜಮಖಾನದಿಂದ ಸುಟ್ಟ ವಾಸನೆಯು ಬಂದಿತು. ತೆಗೆದು ನೋಡಲಾಗಿ ತಂತಿಯ ಹೊದಿಕೆಯೇ ಕರಗಿತ್ತು. ದೈವವಶಾತ್ ಅಂದು ಗಾಡಿಯಲ್ಲಿ ಆ ವೃದ್ಧಮಾತೆಯು ಇರಲಿಲ್ಲ.

ಎರಡನೆಯ ಸಲ ಕೊಳ್ಳುವಾಗ ಅಳಿಯಂದಿರು ೧೨,೦೦೦ ರೂಪಾಯಿಗಳ ಮಿತಿಯನ್ನು ಹಾಕಿಕೊಂಡು ನನ್ನ ಬಳಿಗೆ ಬಂದರು. "ಮಾವ, ವಿದ್ಯುತ್ತಿನ ವಿಷಯ ನಿಮಗೆ ಬೇಡ, ಲೆಕ್ಕ ಸರಿಯೇ ಎಂದು ಮಾತ್ರ ನೋಡಿ" ಎಂದರು. ನಾನು ಯಂತ್ರಜ್ಞನಲ್ಲ. ಗುಣಾಕಾರ ಭಾಗಾಕಾರಗಳನ್ನು ಬಲ್ಲವನಾದುದರಿಂದ ಕುಳಿತು ನೋಡಿದೆನು. ಆಗ ತಿಳಿದುಬಂದುದನ್ನು ಇಲ್ಲಿ ಬರೆದಿರುವೆನು.

ಮೊದಲು ಹೆಸರಿನ ಮಾತು. ಆಂಪ್ಲಿಫೈಯರಿಗೆ ಧ್ವನಿವರ್ಧಕವೆಂಬುದೇ ಅನ್ವರ್ಥವಾದ ಹೆಸರು. ಆದರೆ ನಮ್ಮ ಜನರು ಆ ಹೆಸರನ್ನು ಮದುವೆಮನೆಯ ಲೌಡ್‌ಸ್ಪೀಕರಿಗೆ ಕೊಟ್ಟುಬಿಟ್ಟಿರುವರು. ರೂಢಿಯೊಡನೆ ಜಗಳವಾಡಿ ಫಲವಿಲ್ಲವಾದಕಾರಣ ಆಂಪ್ಲಿಫೈಯರ್ ಎಂದೇ ಬರೆಯುವೆನು.

ಕಾರಿನೊಡನೆ ಬಂದ ಸ್ಟೀರಿಯೋವಿನೊಳಗೂ ಒಂದು ಸಣ್ಣ ಆಂಪ್ಲಿಫೈಯರು ಇದ್ದೇ ಇರುತ್ತದೆ. ಸಾಮಾನ್ಯವಾಗಿ ಅದರ ಮೇಲೆ ೫೦ ವ್ಯಾಟ್, ನಾಲ್ಕು ಎಂದು ಬರೆದಿರುತ್ತದೆ. ಇದು ಎಲ್ಲಿಂದ ಬಂದಿತು? ಎಂಜಿನ್ನು ನಡೆಯುತ್ತಿರುವಾಗ ಕಾರಿನ ವಿದ್ಯುದ್ಬಲವು ಸುಮಾರು ೧೪.೪ ವೋಲ್ಟ್, ಕಾರಿನ ಸ್ಪೀಕರಿನ ತಡೆಯು ಪ್ರಾಯಶಃ ೪ ಓಮ್. ೧೪.೪ನ್ನು ೧೪.೪ರಿಂದ ಗುಣಿಸಿ ೪ರಿಂದ ಭಾಗಿಸಿದರೆ ೫೨ಕ್ಕೆ ಹತ್ತಿರವಾಗುತ್ತದೆ. ಲೆಕ್ಕವು ತಪ್ಪಲ್ಲ, ಆದರೆ ಇದು ಅಲೆಯ ನೆತ್ತಿಯ ಮೇಲಿನ ಒಂದು ಕ್ಷಣದ ಮಾತು. ಸಮುದ್ರದ ಆಳವನ್ನು ತೆರೆಯ ತುದಿಯಿಂದ ಅಳೆದಂತಾಯಿತು. ಏರಿಳಿಯುವ ಅಲೆಯ ವರ್ಗಗಳ ಸರಾಸರಿಯನ್ನು ತೆಗೆದು ಅದರ ಮೂಲವನ್ನು ಕಂಡುಹಿಡಿದರೆ ೧೪.೪ ವೋಲ್ಟು ೧೦.೨ಕ್ಕೆ ಇಳಿಯುವುದು, ಸಾಮರ್ಥ್ಯವು ೨೬ ವ್ಯಾಟಿಗೆ ಇಳಿಯುವುದು. ಯಂತ್ರದೊಳಗಿನ ನಷ್ಟವನ್ನು ಕಳೆದರೆ ಉಳಿಯತಕ್ಕದ್ದು ೧೮ರಿಂದ ೨೨. ಈ ಸರಾಸರಿಯ ಲೆಕ್ಕಕ್ಕೇ ಆರ್.ಎಂ.ಎಸ್. ಎಂದು ಹೆಸರು. ಪೆಟ್ಟಿಗೆಯ ಮೇಲೆ ಈ ಮೂರು ಅಕ್ಷರಗಳ ಪಕ್ಕದಲ್ಲಿರುವ ಅಂಕಿಯನ್ನು ಮಾತ್ರ ನಂಬತಕ್ಕದ್ದು. ಮ್ಯಾಕ್ಸ್, ಪೀಕ್, ಪಿ.ಎಂ.ಪಿ.ಒ. ಎಂಬ ಅಂಕಿಗಳು ಎಷ್ಟು ದಪ್ಪವಾಗಿ ಅಚ್ಚಾಗಿದ್ದರೂ ಕೊಳ್ಳುವವರಿಗೆ ಅವುಗಳಿಂದ ಪ್ರಯೋಜನವಿಲ್ಲ.

ಹೊರಗಿನಿಂದ ತಂದು ಕೂಡಿಸುವ ಆಂಪ್ಲಿಫೈಯರು ೧೪.೪ ವೋಲ್ಟನ್ನು ತನ್ನೊಳಗೆ ಹೆಚ್ಚಿಸಿಕೊಳ್ಳಬಲ್ಲದು. ಆದುದರಿಂದಲೇ ಅದಕ್ಕೆ ಹೆಚ್ಚು ಶಕ್ತಿ. ಆದರೆ ಬ್ಯಾಟರಿಯಿಂದ ಪಡೆದುದಕ್ಕಿಂತ ಹೆಚ್ಚನ್ನು ಅದೂ ಕೊಡಲಾರದು. ಇಲ್ಲಿ ಸ್ಥಾಲೀಪುಲಾಕ ನ್ಯಾಯವು ಚೆನ್ನಾಗಿ ಒದಗುವುದು. ಪಾತ್ರೆಯಲ್ಲಿರುವ ಅನ್ನವು ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಲದೆ? ಆಂಪ್ಲಿಫೈಯರಿನ ಆ ಒಂದು ಅಗುಳು ಅದರ ಫ್ಯೂಸು. ಅಳಿಯಂದಿರ ೨೦೦೦ ವ್ಯಾಟಿನ ಪೆಟ್ಟಿಗೆಯಲ್ಲಿದ್ದ ಫ್ಯೂಸು ೧೫ ಆಂಪಿಯರಿನದು. ಹದಿನೈದನ್ನು ೧೪.೪ರಿಂದ ಗುಣಿಸಿದರೆ ೨೧೬ ವ್ಯಾಟ್; ಒಳಕ್ಕೆ ಹೋಗುವುದೇ ಇಷ್ಟು. ಎ-ಬಿ ವರ್ಗವೆಂಬ ಹಳೆಯ ಪದ್ಧತಿಯ ಯಂತ್ರಗಳಲ್ಲಿ ಇದರ ಅರ್ಧದಷ್ಟು ಶಾಖವಾಗಿ ಹೋಗುವುದು. ಉಳಿದ ೧೦೮ನ್ನು ನಾಲ್ಕು ಸ್ಪೀಕರುಗಳಿಗೆ ಹಂಚಿದರೆ ಒಂದಕ್ಕೆ ೨೭. ಡಿ ವರ್ಗದ ಹೊಸ ಯಂತ್ರಗಳಲ್ಲಿ ಸುಮಾರು ೮೦ರಷ್ಟು ಪಾಲು ಹೊರಬರುವುದಾದರೂ ೨೦೦೦ವು ಬಹುದೂರ. ಫ್ಯೂಸು ಕ್ಷಣಕಾಲ ತನ್ನ ಮಿತಿಯನ್ನು ಮೀರಿದುದನ್ನು ಸಹಿಸಬಹುದು, ಆದಕಾರಣ ಇದು ಸ್ಥೂಲವಾದ ಪರೀಕ್ಷೆಯೇ ಸರಿ. ಆದರೆ ೨೭ನ್ನು ೫೦೦ ಮಾಡುವ ಸಹನೆಯು ಯಾವ ಫ್ಯೂಸಿಗೂ ಇಲ್ಲ. ೨೦೦೦ ವ್ಯಾಟು ನಿಜವಾಗಿಯೂ ಬೇಕೆಂದರೆ ನಷ್ಟವನ್ನು ಬಿಟ್ಟರೂ ೧೩೯ ಆಂಪಿಯರು ಬೇಕು. ಸಣ್ಣ ಕಾರಿನ ಆಲ್ಟರ್ನೇಟರು ಅಷ್ಟನ್ನು ಕೊಡುವುದಿಲ್ಲ.

ಸ್ಪೀಕರುಗಳು ಸುಟ್ಟುದೂ ಈ ಸುಳ್ಳಿನ ದೆಸೆಯಿಂದಲೇ. ೨೦೦೦ ವ್ಯಾಟಿನ ಪ್ರತಾಪವು ಕಾಣಬೇಕೆಂದು ಅಂಗಡಿಯವನು ಗೇನ್ ಎಂಬ ತಿರುಪನ್ನು ಕೊನೆಯವರೆಗೆ ತಿರುಗಿಸಿಟ್ಟಿದ್ದನು. ತನ್ನ ಶಕ್ತಿಗೆ ಮೀರಿ ತಳ್ಳಲ್ಪಟ್ಟ ಯಂತ್ರವು ಅಲೆಯ ನೆತ್ತಿಯನ್ನು ಕತ್ತರಿಸಿ ಚಪ್ಪಟೆಯಾಗಿ ಕಳುಹಿಸುವುದು. ಅಂಥ ಅಲೆಯು ನಾದವನ್ನು ಕೆಡಿಸುವುದಲ್ಲದೆ ಸ್ಪೀಕರಿನ ಸುರುಳಿಯನ್ನು, ವಿಶೇಷವಾಗಿ ತಾರಸ್ವರದ ಸಣ್ಣ ಸ್ಪೀಕರಿನ ಸುರುಳಿಯನ್ನು, ಕಾಯಿಸಿ ಸುಡುವುದು. ಗೇನ್ ಎಂಬುದು ಧ್ವನಿಯನ್ನು ಏರಿಸುವ ತಿರುಪಲ್ಲ. ಸ್ಟೀರಿಯೋ ಕೊಡುವುದಕ್ಕೂ ಆಂಪ್ಲಿಫೈಯರು ತೆಗೆದುಕೊಳ್ಳುವುದಕ್ಕೂ ಹೊಂದಿಕೆಮಾಡುವ ಸಾಧನ ಅದು. ಸ್ಟೀರಿಯೋವನ್ನು ಮುಕ್ಕಾಲು ಮಟ್ಟದಲ್ಲಿಟ್ಟು, ಗೇನನ್ನು ಮೆಲ್ಲನೆ ಏರಿಸುತ್ತ, ನಾದವು ಕೆಡಲಾರಂಭಿಸಿದೊಡನೆ ಸ್ವಲ್ಪ ಹಿಂದಕ್ಕೆ ತಿರುಗಿಸಿ ಬಿಡತಕ್ಕದ್ದು.

ಹಾಗಾದರೆ ಗೃಹಸ್ಥನಿಗೆ ಎಷ್ಟು ವ್ಯಾಟು ಬೇಕು? ಇಲ್ಲಿ ಕಿವಿಯ ಸ್ವಭಾವವನ್ನು ತಿಳಿಯಬೇಕು. ವ್ಯಾಟುಗಳನ್ನು ಎರಡರಷ್ಟು ಮಾಡಿದರೆ ಧ್ವನಿಯು ಏರುವುದು ೩ ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಗಟ್ಟಿಯಾಗಿ ಕೇಳಬೇಕಾದರೆ ೧೦ ಡೆಸಿಬೆಲ್, ಅಂದರೆ ಹತ್ತರಷ್ಟು ವ್ಯಾಟು, ಬೇಕು. ೨೦ ವ್ಯಾಟಿನಿಂದ ೨೦೦೦ಕ್ಕೆ ಏರಿದರೂ ಕೇಳುವುದು ನಾಲ್ಕರಷ್ಟು ಗಟ್ಟಿಯಾಗಿ. ಸ್ಪೀಕರಿನ ಕಾಗದದಲ್ಲಿ ಸೆನ್ಸಿಟಿವಿಟಿ ಎಂಬ ಅಂಕಿಯಿರುತ್ತದೆ; ಅದು ೮೮ ಎಂದಿದ್ದರೆ ಒಂದೇ ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ೮೮ ಡೆಸಿಬೆಲ್ ಕೇಳಿಸುವುದೆಂದು ಅರ್ಥ. ವೀಣೆಗೆ ಇದೇ ಸಾಕು. ಉಳಿದ ವ್ಯಾಟುಗಳು ಮೃದಂಗದ ಪೆಟ್ಟಿನಂತಹ ಕ್ಷಣಗಳು ಒಡೆಯದಿರಲೆಂದು. ೮೮ರ ಬದಲು ೯೧ರ ಸ್ಪೀಕರನ್ನು ಕೊಂಡರೆ ಆಂಪ್ಲಿಫೈಯರನ್ನು ಎರಡರಷ್ಟು ದೊಡ್ಡದು ಮಾಡಿದ ಫಲವು ಪುಕ್ಕಟೆಯಾಗಿ ಸಿಕ್ಕುವುದು. ಆದಕಾರಣ ಸ್ವಲ್ಪ ಹಣವುಳ್ಳವನು ಮೊದಲು ಸ್ಪೀಕರನ್ನು ನೋಡಲಿ. ಹಲವರಿಗೆ ಅಷ್ಟರಿಂದಲೇ ತೃಪ್ತಿಯಾಗಿ ಆಂಪ್ಲಿಫೈಯರಿನ ಖರ್ಚು ಉಳಿದರೂ ಉಳಿದೀತು. ಅಂಗಡಿಯಲ್ಲಿ ಈ ಮಾತನ್ನು ಹೇಳುವವರು ವಿರಳ.

ಆಂಪ್ಲಿಫೈಯರು ಬೇಕೇ ಬೇಕೆಂದಾದರೆ ಒಂದೊಂದು ಚಾನೆಲ್ಲಿಗೆ ೪೦ರಿಂದ ೫೦ ವ್ಯಾಟ್ ಆರ್.ಎಂ.ಎಸ್. ಇರುವ, ಸ್ಪೀಕರಿನ ಆರ್.ಎಂ.ಎಸ್. ಅಂಕಿಗೆ ಹೊಂದುವ ಯಂತ್ರವು ಸಂಸಾರಸ್ಥನಿಗೆ ಧಾರಾಳವಾಯಿತು. ಪತ್ರದಲ್ಲಿ ಸಿ.ಇ.ಎ.-೨೦೦೬ ಅಥವಾ ಸಿ.ಟಿ.ಎ.-೨೦೦೬ ಎಂಬ ಗುರುತಿದ್ದರೆ ಒಳ್ಳೆಯದು. ಇದು ಅಮೆರಿಕದ ವಿದ್ಯುನ್ಮಾನ ಸಾಮಗ್ರಿ ವ್ಯಾಪಾರಸಂಘವು ೨೦೦೩ರಲ್ಲಿ ಗೊತ್ತುಮಾಡಿದ ಅಳತೆಯ ಕ್ರಮ. ೨೦೦೬ ಎಂಬುದು ವರ್ಷವಲ್ಲ, ಕ್ರಮಾಂಕ. ೧೪.೪ ವೋಲ್ಟಿನಲ್ಲಿ, ೪ ಓಮಿಗೆ, ನೂರಕ್ಕೆ ಒಂದಕ್ಕಿಂತ ಹೆಚ್ಚು ವಿಕಾರವಿಲ್ಲದಂತೆ ಅಳೆಯಬೇಕೆಂಬುದು ಅದರ ನಿಯಮ. ಓಮುಗಳ ವಿಷಯದಲ್ಲಿಯೂ ಎಚ್ಚರವಿರಲಿ: ೪ ಓಮಿನ ಎರಡು ಸ್ಪೀಕರುಗಳನ್ನು ಒಂದೇ ಚಾನೆಲ್ಲಿಗೆ ಸಮಾಂತರವಾಗಿ ಕೂಡಿಸಿದರೆ ತಡೆಯು ೨ ಓಮಿಗೆ ಇಳಿಯುವುದು, ಅದನ್ನು ತಾಳುವೆನೆಂದು ಯಂತ್ರದ ಪತ್ರದಲ್ಲಿ ಬರೆದಿರದಿದ್ದರೆ ಹಾಗೆ ಮಾಡಕೂಡದು. ಹಳೆಯ ಸ್ಟೀರಿಯೋವನ್ನೇ ಇಟ್ಟುಕೊಳ್ಳುವವರು ಸ್ಪೀಕರ್ ತಂತಿಗಳಿಂದಲೇ ಸಂಕೇತವನ್ನು ಪಡೆಯುವ ಹೈ-ಲೆವೆಲ್ ಇನ್‌ಪುಟ್ ಇರುವುದೇ ಎಂದು ಕೇಳಿಕೊಳ್ಳಲಿ. ಅದಿದ್ದರೆ ಹೊಸ ಸ್ಟೀರಿಯೋ ಬೇಕಾಗುವುದಿಲ್ಲ.

ಇನ್ನು ತಂತಿಯ ವಿಚಾರ. ಹಣವನ್ನು ಉಳಿಸುವವರು ಮೊದಲು ಕೈಹಾಕುವುದು ಇಲ್ಲಿಯೇ, ಅಪಾಯವಿರುವುದೂ ಇಲ್ಲಿಯೇ. ಕೊಳ್ಳಬೇಕೆಂದಿರುವ ಹಣದಲ್ಲಿ ಒಂದು ಪಾಲನ್ನು ಮೊದಲೇ ತಂತಿಗೆಂದು ತೆಗೆದಿಡಬೇಕೆಂಬುದು ನನ್ನ ಅಭಿಪ್ರಾಯ. ತಾಮ್ರದ ಮುಲಾಮು ಹಚ್ಚಿದ ಅಲ್ಯೂಮಿನಿಯಂ ತಂತಿಯನ್ನು ತಾಮ್ರವೆಂದೇ ಮಾರುವವರುಂಟು. ಎಳೆಯೊಂದನ್ನು ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುವುದು. ಅದೇ ದಪ್ಪದ ತಾಮ್ರಕ್ಕಿಂತ ಅದು ವಿದ್ಯುತ್ತನ್ನು ಕಡಮೆ ಸಾಗಿಸುವುದರಿಂದ ಬೇಗ ಕಾಯುವುದು. ಇದಕ್ಕಿಂತಲೂ ಮುಖ್ಯವಾದುದು, ಬ್ಯಾಟರಿಯಿಂದ ೪೫ ಸೆಂಟಿಮೀಟರಿನೊಳಗೆ ಇರಲೇಬೇಕಾದ ಫ್ಯೂಸು. ಆಂಪ್ಲಿಫೈಯರಿನ ಮೈಮೇಲೆ ಫ್ಯೂಸಿದೆಯಲ್ಲ ಎನ್ನುವರು. ಅದು ಆಂಪ್ಲಿಫೈಯರನ್ನು ಕಾಯುವುದೇ ಹೊರತು ಬ್ಯಾಟರಿಯಿಂದ ಅಲ್ಲಿಯವರೆಗಿನ ತಂತಿಯನ್ನು ಕಾಯದು. ಆ ತಂತಿಯು ಎಂಜಿನ್ನಿನ ಕಡೆಯಿಂದ ತಗಡಿನ ರಂಧ್ರದ ಮೂಲಕ ಒಳಕ್ಕೆ ಬರಬೇಕು. ರಂಧ್ರಕ್ಕೆ ರಬ್ಬರಿನ ಬಳೆಯಿಲ್ಲದಿದ್ದರೆ ಗಾಡಿಯ ಕುಲುಕಾಟದಲ್ಲಿ ಹೊದಿಕೆಯು ಸವೆದು ತಂತಿಯು ತಗಡನ್ನು ಮುಟ್ಟುವುದು. ಎಂಜಿನ್ನನ್ನೇ ತಿರುಗಿಸಬಲ್ಲ ಬ್ಯಾಟರಿಯು ತನ್ನ ಬಲವನ್ನೆಲ್ಲ ಆ ಬಿಂದುವಿನಲ್ಲಿ ಸುರಿಸುವುದು. ಅಳಿಯಂದಿರ ಗಾಡಿಯಲ್ಲಿ ನಡೆದುದು ಇದೇ. ಬಳೆಯೂ ಇರಲಿಲ್ಲ, ಬ್ಯಾಟರಿಯ ಬಳಿಯ ಫ್ಯೂಸೂ ಇರಲಿಲ್ಲ. ೨೦೦೦ ವ್ಯಾಟಿನ ಪೆಟ್ಟಿಗೆಗೆ ತಲೆಗೂದಲಿನಂತಹ ತಂತಿ! ತಗಡಿಗೆ ಬಿಗಿಯುವ ಇನ್ನೊಂದು ತಂತಿಯು ಗಿಡ್ಡವಾಗಿರಲಿ. ಬಿಗಿಯುವ ಸ್ಥಳದಲ್ಲಿ ಬಣ್ಣವನ್ನು ಕೆರೆದು ಲೋಹವನ್ನು ಕಾಣಿಸಿರಲಿ.

ಕೊನೆಗೆ ಅಳಿಯಂದಿರು ೯೧ ಡೆಸಿಬೆಲಿನ ಎರಡು ಸ್ಪೀಕರುಗಳನ್ನೂ, ಚಾನೆಲ್ಲಿಗೆ ೪೫ ವ್ಯಾಟ್ ಆರ್.ಎಂ.ಎಸ್. ಉಳ್ಳ ನಾಲ್ಕು ಚಾನೆಲ್ಲುಗಳ ಯಂತ್ರವನ್ನೂ, ನಿಜವಾದ ತಾಮ್ರದ ತಂತಿಯನ್ನೂ ಕೊಂಡರು. ಮುಂದಿನ ಸ್ಪೀಕರುಗಳಿಗೆ ಎರಡು ಚಾನೆಲ್ಲು. ಹಿಂದಿನ ಹಳೆಯವು ಸ್ಟೀರಿಯೋವಿನಿಂದಲೇ ನಡೆಯುತ್ತಿವೆ. ಉಳಿದೆರಡು ಚಾನೆಲ್ಲುಗಳನ್ನು ಮುಂದೆ ಎಂದಾದರೂ ಒಟ್ಟುಗೂಡಿಸಿ ಮಂದ್ರಸ್ವರಕ್ಕೆ ೪ ಓಮಿನ ಒಂದು ಸಬ್‌ವೂಫರನ್ನು ನಡೆಯಿಸಬಹುದು. ೨ ಓಮನ್ನು ತಾಳಬಲ್ಲ ಯಂತ್ರವನ್ನೇ ಆರಿಸಿದುದು ಅದಕ್ಕಾಗಿ, ಏಕೆಂದರೆ ಹಾಗೆ ಕೂಡಿಸಿದಾಗ ಪ್ರತಿಯೊಂದು ಚಾನೆಲ್ಲಿಗೂ ತೋರುವ ತಡೆಯು ಅರ್ಧವೇ. ಆದರೆ ಬೀಗಿತ್ತಿಯವರು ಸದ್ಯಕ್ಕೆ ಅದು ಬೇಡವೆಂದಿರುವರು. ಕಳೆದ ಸಲ ಚನ್ನರಾಯಪಟ್ಟಣವನ್ನು ದಾಟುವಾಗ ಧ್ವನಿಯನ್ನು ಸ್ವಲ್ಪ ತಗ್ಗಿಸೆಂದು ಮಗನಿಗೆ ಅವರೇ ಹೇಳಿದರಂತೆ.